ಹಳೆಯ ಟ್ರಾನ್ಸ್‌ಮಿಟರ್ ಮತ್ತು ಬಲ್ಬಿನ ಬೆಳಕು

ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಕಾಲದ ಹವ್ಯಾಸಿ ರೇಡಿಯೊ ಟ್ರಾನ್ಸ್‌ಮಿಟರನ್ನು ದುರಸ್ತಿ ಮಾಡಿದೊಡನೆ ಆಂಟೆನಾಕ್ಕೆ ಜೋಡಿಸುವುದು ಸರಿಯಲ್ಲ. ಟ್ಯೂನ್ ಮಾಡುವಷ್ಟು ಹೊತ್ತೂ ಅದು ಬೇರೆ ಹವ್ಯಾಸಿಗಳ ಸಂಭಾಷಣೆಗೆ ಅಡ್ಡಿಯಾಗುತ್ತದೆ. ಆಂಟೆನಾದ ಬದಲು ಶಕ್ತಿಯನ್ನು ಹೀರಿಕೊಳ್ಳುವ ರೋಧಕ, ಅಂದರೆ 50 ಓಮ್‌ನ ಡಮ್ಮಿ ಲೋಡ್, ಸುಲಭವಾಗಿ ಸಿಗುತ್ತದೆಯಾದರೂ, 1950ರ ದಶಕದ ಯಂತ್ರಗಳಿಗೆ ನಾನು ಇಂದಿಗೂ ಮೊದಲು ಜೋಡಿಸುವುದು ಟಂಗ್‌ಸ್ಟನ್ ತಂತಿಯ ಬಲ್ಬನ್ನೇ. ಎಲ್ಇಡಿ ಬಲ್ಬು ಈ ಕೆಲಸಕ್ಕೆ ಬಾರದು.

ಬಲ್ಬಿನ ರೋಧ ಸ್ಥಿರವಲ್ಲ ಎಂಬ ಆಕ್ಷೇಪ ನಿಜ. 230 ವೋಲ್ಟಿನ 100 ವಾಟ್ ಬಲ್ಬು ಪೂರ್ಣವಾಗಿ ಉರಿಯುವಾಗ ಸುಮಾರು 529 ಓಮ್ ತೋರಿಸಿದರೆ, ತಣ್ಣಗಿರುವಾಗ ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇರುತ್ತದೆ. ಆದ್ದರಿಂದ ಟ್ರಾನ್ಸ್‌ಮಿಟರಿಗೆ ಲೋಡ್ ಎಷ್ಟು ಹೊಂದಿದೆಯೆಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿನ ಅಳತೆಗೆ ಇಲ್ಲಿ ಅರ್ಥವಿಲ್ಲ, ಇಂದಿನ ಟ್ರಾನ್ಸೀವರುಗಳಿಗೂ ಇದು ಹೊಂದುವುದಿಲ್ಲ. ಆದರೆ 6146 ವಾಲ್ವ್ ಬಳಸಿದ ಜಾನ್ಸನ್ ವೈಕಿಂಗ್ ರೇಂಜರ್‌ನಂಥ ಯಂತ್ರಗಳ ಪೈ ನೆಟ್‌ವರ್ಕ್ (ಎರಡು ಕೆಪ್ಯಾಸಿಟರು, ಒಂದು ಕಾಯಿಲ್ ಇರುವ ಔಟ್‌ಪುಟ್ ಸರ್ಕ್ಯೂಟ್), ಬೇರೆ ಬೇರೆ ರೋಧದ ಆಂಟೆನಾಗಳಿಗೆ ಹೊಂದಿಕೊಳ್ಳಲೆಂದೇ ರಚಿತವಾದದ್ದು. 120 ವೋಲ್ಟಿನ 100 ವಾಟ್ ಬಲ್ಬಿನ ರೋಧ 144 ಓಮ್ ಮಾತ್ರವಾದ್ದರಿಂದ ಅದು ಇನ್ನೂ ಸಲೀಸು.

ಪೈ ನೆಟ್‌ವರ್ಕಿನ ಆಂಟೆನಾ ಬದಿಯ ಲೋಡಿಂಗ್ ಕೆಪ್ಯಾಸಿಟರನ್ನು ಪೂರ್ತಿ ಮುಚ್ಚಿ (ಗರಿಷ್ಠ ಕೆಪ್ಯಾಸಿಟೆನ್ಸಿಗೆ ತಂದು), ವಾಲ್ವ್ ಬದಿಯ ಪ್ಲೇಟ್ ಟ್ಯೂನಿಂಗನ್ನು ತಿರುಗಿಸಿ, ವಾಲ್ವಿನ ಪ್ಲೇಟ್ ಕರೆಂಟನ್ನು ತೋರಿಸುವ ಮೀಟರಿನ ಮುಳ್ಳು ಕೆಳಗಿಳಿಯುವ ಬಿಂದುವನ್ನು, ಅಂದರೆ ಡಿಪ್ಪನ್ನು, ಹಿಡಿಯಬೇಕು. ಆಗ ಬಲ್ಬಿನ ತಂತಿ ಮಂದವಾಗಿ ಕೆಂಪೇರುತ್ತದೆ. ಲೋಡಿಂಗನ್ನು ತುಸು ತೆರೆದು ಮತ್ತೆ ಡಿಪ್ ಹಿಡಿದಂತೆಲ್ಲ ಕೆಂಪು ಹಳದಿಯಾಗಿ, ಹಳದಿ ಬಿಳುಪಾಗುತ್ತದೆ. ಒಂದು ಹಂತದ ನಂತರ ಕರೆಂಟ್ ಏರಿದರೂ ಬೆಳಕು ಏರುವುದಿಲ್ಲ. ಅಲ್ಲಿಂದ ಮುಂದೆ ಹೆಚ್ಚುವರಿ ಶಕ್ತಿಯೆಲ್ಲ ವಾಲ್ವಿನ ಪ್ಲೇಟನ್ನು ಕಾಯಿಸುತ್ತದೆ. ಯಂತ್ರದ ಮೀಟರು ಒಳಹೋಗುವ ಶಕ್ತಿಯನ್ನಷ್ಟೇ ಹೇಳುತ್ತದೆ, ಹೊರಬರುವುದನ್ನು ಹೇಳುವುದು ಬಲ್ಬು. ಈ ಎರಡನ್ನೂ ಒಟ್ಟಿಗೆ ನೋಡುತ್ತ ಟ್ಯೂನ್ ಮಾಡಿದವರಿಗೆ ಫೈನಲ್ ಹಂತದ, ಅಂದರೆ ಕೊನೆಯ ಪವರ್ ಆಂಪ್ಲಿಫೈಯರಿನ, ನಡವಳಿಕೆ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಡಿಪ್ ಒಂದು ಕಡೆ, ಗರಿಷ್ಠ ಬೆಳಕು ಇನ್ನೊಂದು ಕಡೆ ಬಂದರೆ ನ್ಯೂಟ್ರಲೈಸೇಷನ್ (ವಾಲ್ವಿನ ಔಟ್‌ಪುಟ್ ಮತ್ತೆ ಇನ್‌ಪುಟ್‌ಗೆ ಸೋರದಂತೆ ಮಾಡುವ ಹೊಂದಾಣಿಕೆ) ತಪ್ಪಿರುವ ಸಂಭವ ಹೆಚ್ಚು.

ಎಎಂ (ಆಂಪ್ಲಿಟ್ಯೂಡ್ ಮಾಡ್ಯುಲೇಷನ್) ಧ್ವನಿ ಪ್ರಸಾರದ ಪರೀಕ್ಷೆಗೂ ಬಲ್ಬು ನೆರವಾಗುತ್ತದೆ. ಸೈನ್ ಅಲೆಯಿಂದ 100 ಪ್ರತಿಶತ ಮಾಡ್ಯುಲೇಟ್ ಮಾಡಿದಾಗ ಶಕ್ತಿ ಒಂದೂವರೆ ಪಟ್ಟಾಗುವುದರಿಂದ, ಮೈಕಿನಲ್ಲಿ ಮಾತನಾಡಿದಾಗ ಬೆಳಕು ಏರಬೇಕು. ಅದು ಕುಗ್ಗಿದರೆ ಗ್ರಿಡ್ ಡ್ರೈವ್ (ಫೈನಲ್ ವಾಲ್ವಿಗೆ ಕೊಡುವ ಸಂಕೇತ), ಲೋಡಿಂಗ್ ಮತ್ತು ದಣಿದ ವಾಲ್ವುಗಳನ್ನು ಪರಿಶೀಲಿಸಬೇಕು.

ವಾಟ್ ಲೆಕ್ಕ ಬೇಕಿದ್ದರೆ ಅದೇ ಮಾದರಿಯ ಇನ್ನೊಂದು ಬಲ್ಬನ್ನು ಪಕ್ಕದಲ್ಲಿಟ್ಟು ವೇರಿಯಾಕ್ (ವೋಲ್ಟೇಜ್ ಏರಿಳಿಸಬಲ್ಲ ಟ್ರಾನ್ಸ್‌ಫಾರ್ಮರ್) ಮೂಲಕ ಉರಿಸಿ, ಎರಡರ ಬೆಳಕೂ ಸಮನಾದಾಗ ಈ ಎರಡನೆಯ ಬಲ್ಬಿನ ವೋಲ್ಟೇಜನ್ನು ಕರೆಂಟಿನಿಂದ ಗುಣಿಸಬಹುದು. ಕಣ್ಣಿನ ಅಂದಾಜಾದರೂ, ಶಕ್ತಿ ತುಸು ಬದಲಾದರೂ ಟಂಗ್‌ಸ್ಟನ್ ಬೆಳಕು ಬಹಳ ಬದಲಾಗುವುದರಿಂದ ಈ ಹೋಲಿಕೆ ನಂಬುವಂತಿರುತ್ತದೆ.

ಫೈನಲ್ ಹಂತದ ಔಟ್‌ಪುಟ್ ಕಾಯಿಲ್‌ನಲ್ಲಿ (ಟ್ಯಾಂಕ್ ಕಾಯಿಲ್) ನೂರಾರು ವೋಲ್ಟ್ ಇರುತ್ತದೆ, ವಿದ್ಯುತ್ ತೆಗೆದ ಮೇಲೂ ಫಿಲ್ಟರ್ ಕೆಪ್ಯಾಸಿಟರುಗಳಲ್ಲಿ ಅದು ಉಳಿದಿರಬಹುದು; ಅವುಗಳನ್ನು ಖಾಲಿ ಮಾಡದೆ ಒಳಗೆ ಕೈಯಿಡಲೇಬಾರದು. ಬಲ್ಬಿಗೆ ಜೋಡಿಸುವ ತಂತಿಗಳನ್ನು ಗಿಡ್ಡವಾಗಿಡಬೇಕು, ಏಕೆಂದರೆ 28 ಮೆಗಾಹರ್ಟ್ಸ್‌ನಲ್ಲಿ ಅವುಗಳ ಇಂಡಕ್ಟೆನ್ಸೇ ಅಳತೆಯನ್ನು ಕೆಡಿಸುತ್ತದೆ. ಬಲ್ಬಿಗೆ ಲೋಹದ ಕವಚವಿಲ್ಲದ ಕಾರಣ ಸ್ವಲ್ಪ ಸಂಕೇತ ಹೊರಗೂ ಹರಡುತ್ತದೆ. ಖಾಲಿ ಫ್ರೀಕ್ವೆನ್ಸಿಯನ್ನು ಆರಿಸಿ, ಕಾಲ್‌ಸೈನ್ (ತನ್ನ ಕೇಂದ್ರದ ಗುರುತಿನ ಹೆಸರು) ಹೇಳಿ, ಬೇಗ ಮುಗಿಸುವುದು ಕರ್ತವ್ಯ. ಬಳಿಕ ಆಂಟೆನಾ ಜೋಡಿಸಿದಾಗ ಬಲ್ಬಿಗೆ ಹೊಂದಿಸಿದ ಡಯಲ್ ಸ್ಥಾನಗಳನ್ನು ನೆಚ್ಚದೆ, ಲೋಡಿಂಗನ್ನು ಮತ್ತೆ ಪೂರ್ತಿ ಮುಚ್ಚಿ ಮೊದಲಿನಿಂದ ಟ್ಯೂನ್ ಮಾಡಬೇಕು.