ಬಿಳಿಗಿರಿರಂಗನ ಬೆಟ್ಟದಲ್ಲಿ ಕಿವಿಗೇ ಹೆಚ್ಚು ಕೆಲಸ

2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಈ ಬೆಟ್ಟಕ್ಕೆ ಯಳಂದೂರು, ಚಾಮರಾಜನಗರ ಎರಡೂ ಕಡೆಯಿಂದ ದಾರಿಯಿದೆ. ಸಫಾರಿ ಹೊರಡುವುದು ಕಾಡಿನೊಳಗಿನ ಕೆ. ಗುಡಿಯಿಂದ (ಕ್ಯಾತದೇವರ ಗುಡಿ). ತೆರೆದ ಜೀಪು, ಬೆಳಗ್ಗೆ ಸ್ವೆಟರ್ ಬೇಕೇ ಬೇಕು.

ಕಾಡಿನ ತುಂಬ ಲಂಟಾನ ಎಂಬ ಕಳೆಪೊದೆ ಹಬ್ಬಿದೆ. ತರಗುಬೆಂಕಿ, ಅಂದರೆ ಒಣ ತರಗೆಲೆಗೆ ಸಣ್ಣ ಬೆಂಕಿ, ಹಾಕುವುದು ನಿಂತ ಮೇಲೆ ಇದು ಹೆಚ್ಚಿತು ಅನ್ನುತ್ತಾರೆ ಇಲ್ಲಿನ ಬುಡಕಟ್ಟಿನವರಾದ ಸೋಲಿಗರು. ಪೊದೆ ದಟ್ಟವಿದ್ದಲ್ಲಿ ನಾಲ್ಕು ಮಾರು ಆಚೆ ಆನೆ ನಿಂತರೂ ಕಾಣದು. ಹಾಗಾಗಿ ಕಿವಿಗೊಡಿ. ಜಿಂಕೆ ಸಣ್ಣಪುಟ್ಟದ್ದಕ್ಕೂ ಕೂಗಿಬಿಡುತ್ತದೆ, ಅದನ್ನೇ ನಂಬಬೇಡಿ. ಕಡವೆ ಕಿವಿ ನಿಮಿರಿಸಿ, ಒಂದೇ ದಿಕ್ಕಿಗೆ ನೋಡುತ್ತ, ಮುಂಗಾಲು ನೆಲಕ್ಕೆ ಬಡಿದು ಬಿಟ್ಟುಬಿಟ್ಟು 'ಢಾಂಕ್' ಅಂದರೆ ಹುಲಿಯೋ ಚಿರತೆಯೋ ಹತ್ತಿರವಿರುವ ಸಾಧ್ಯತೆ ಹೆಚ್ಚು. ಎಂಜಿನ್ ಆಫ್ ಮಾಡಿಸಿ ಹತ್ತು ನಿಮಿಷ ಕಾಯಿರಿ. ಎರಡನೇ ನಿಮಿಷಕ್ಕೇ 'ಮುಂದೆ ಹೋಗೋಣ' ಅನ್ನುವವರೇ ಜಾಸ್ತಿ; ಕೆಲಸ ಕೆಡುವುದು ಅಲ್ಲೇ.