ಮೂರನೇ ಅಂಕಿ ಬದಲಾದಾಗ

ನನ್ನ ಹೊಟ್ಟೆಪಾಡಿನ ಭಾಷೆ ಓಕ್ಯಾಮೆಲ್. ಕೇಳದವರಿಗೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಇದು ಫ್ರಾನ್ಸಿನ ಇನ್ರಿಯಾ ಅನ್ನೋ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ. 1996ರಿಂದ ಇದೆ. ಟೈಪುಗಳ, ಅಂದರೆ ಯಾವುದು ಸಂಖ್ಯೆ, ಯಾವುದು ಪಠ್ಯ ಅನ್ನುವ ಬಗೆಗಳ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಬೆಂಗಳೂರಿನಲ್ಲಿ ಇದರಲ್ಲಿ ಕೆಲಸ ಮಾಡ್ತೀನಿ ಅಂದರೆ ಈಗಲೂ ಜನ ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ "ಜಾವಾ ಬರುತ್ತೆ ಅಲ್ವಾ?" ಅಂತ ಕೇಳುತ್ತಾರೆ.

ನಾವು ಬರೆದ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತಿರುಗಿಸುವ ಪ್ರೋಗ್ರಾಮ್ ಕಂಪೈಲರ್. ನಮ್ಮ ತಂಡದಲ್ಲಿ ಅದನ್ನು ಅಪ್‌ಗ್ರೇಡ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಯಾರೂ ಕೈ ಎತ್ತಲಿಲ್ಲ, ನಾನು ಎತ್ತಿದೆ. ಈಚೆಗೆ ಸೇರಿದ ಹುಡುಗಿಯೊಬ್ಬಳು ಕೇಳಿದಳು: "ಸರ್, ಕೊನೇ ಅಂಕಿ ಒಂದು ಬದಲಾಗಿದೆ ಅಷ್ಟೇ. ಇದಕ್ಕೆ ಯಾಕೆ ವಾರಗಟ್ಟಲೆ ಓದ್ತೀರಾ?" ಅವಳಿಗೆ ಅಲ್ಲೇ ನಿಂತು ಹೇಳಿದ್ದು ಅರ್ಧಂಬರ್ಧ. ಉಳಿದಿದ್ದು ಇಲ್ಲಿದೆ.

ಓಕ್ಯಾಮೆಲ್ ಆವೃತ್ತಿಗೆ ಮೂರು ಅಂಕಿ. ಮೊದಲನೆಯದು ಬದಲಾದರೆ ಹಬ್ಬ. 2022ರ ಡಿಸೆಂಬರಿನಲ್ಲಿ 5.0 ಬಂದಾಗ ಹಾಗೇ ಆಯಿತು. ಒಂದೇ ಪ್ರೋಗ್ರಾಮ್ ಪ್ರೊಸೆಸರಿನ ಹಲವು ಕೋರ್‌ಗಳಲ್ಲಿ ಒಟ್ಟಿಗೆ ಓಡುವ ಸೌಲಭ್ಯ ಈ ಭಾಷೆಗೆ ಕೊನೆಗೂ ಸಿಕ್ಕಿತು. ಆ ಕೆಲಸದಲ್ಲಿ ದೊಡ್ಡ ಪಾಲು ಐಐಟಿ ಮದ್ರಾಸಿನ ಕೆ.ಸಿ. ಶಿವರಾಮಕೃಷ್ಣನ್ ಅವರದು. ನಮ್ಮ ಪಕ್ಕದ ಊರಿನಲ್ಲಿ ಇಷ್ಟು ದೊಡ್ಡ ಕಂಪೈಲರ್ ಕೆಲಸ ನಡೆದಿದೆ, ನಮ್ಮಲ್ಲಿ ಅದರ ಸುದ್ದಿಯೇ ಇಲ್ಲ. ಇರಲಿ. ಎರಡನೇ ಅಂಕಿ ಬದಲಾದರೆ ಹೊಸ ಸೌಲಭ್ಯಗಳು ಬರುತ್ತವೆ. ಮೂರನೆಯದು ಬದಲಾದರೆ ಬರೀ ರಿಪೇರಿ. ಅದರ ಬಗ್ಗೆ ಯಾರೂ ವಿಡಿಯೋ ಮಾಡುವುದಿಲ್ಲ.

ನನ್ನ ಮಟ್ಟಿಗೆ ಕಂಪೈಲರಿನ ಯೋಗ್ಯತೆ ತಿಳಿಯುವುದು ಈ ಮೂರನೇ ಅಂಕಿಯಲ್ಲೇ. ಏನನ್ನು ಸರಿಮಾಡಿದರು, ಎಷ್ಟು ಬೇಗ ಮಾಡಿದರು, ಏನನ್ನು ಬೇಕಂತಲೇ ಮುಟ್ಟದೆ ಬಿಟ್ಟರು, ಎಲ್ಲ ಅಲ್ಲಿ ಕಾಣುತ್ತದೆ.

5.1 ತೆಗೆದುಕೊಳ್ಳಿ. 2023ರ ಸೆಪ್ಟೆಂಬರಿನಲ್ಲಿ 5.1.0 ಬಂತು. ಅದರಲ್ಲಿ ಡೇಟಾವನ್ನು ಒತ್ತಿ ಚಿಕ್ಕದು ಮಾಡಿ ಉಳಿಸುವ ಸೌಕರ್ಯ ಸೇರಿಸಿದ್ದರು. ಒಳಗೆ ಬಳಸಿದ್ದು ಝೆಡ್‌ಸ್ಟ್ಯಾಂಡರ್ಡ್ ಅನ್ನೋ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಒಳ್ಳೆಯ ಲೈಬ್ರರಿಯೇ. ಕಂಪೈಲರ್ ಹುಟ್ಟಿಸುವ ಫೈಲುಗಳ ಗಾತ್ರ ಇದರಿಂದ ಇಳಿಯುತ್ತದೆ, ಅದೂ ಲಾಭವೇ. ಆದರೆ ಈ ಸೌಕರ್ಯವನ್ನು ರನ್‌ಟೈಮಿಗೇ, ಅಂದರೆ ಪ್ರತಿ ಪ್ರೋಗ್ರಾಮಿನ ಜೊತೆಗೂ ಓಡುವ ಮೂಲ ಭಾಗಕ್ಕೇ ಸೇರಿಸಿದ್ದರಿಂದ, ಓಕ್ಯಾಮೆಲ್‌ನಲ್ಲಿ ಕಟ್ಟಿದ ಪ್ರತಿ ಪ್ರೋಗ್ರಾಮಿಗೂ ಆ ಲೈಬ್ರರಿ ಬೇಕಾಯಿತು. ನೀವು ಒಂದು ಬೈಟನ್ನೂ ಒತ್ತದೇ ಇದ್ದರೂ ಬೇಕು.

ಪ್ರೋಗ್ರಾಮನ್ನು ಅದಕ್ಕೆ ಬೇಕಾದದ್ದರ ಜೊತೆ ಒಂದು ಡಬ್ಬಿಗೆ, ಅಂದರೆ ಕಂಟೇನರಿಗೆ, ತುಂಬಿ ಓಡಿಸುವ ಸಾಧನ ಡಾಕರ್. ನಮ್ಮ ಹಾಗೆ ಅದನ್ನು ಬಳಸುವವರಿಗೆ ಇದರ ಅರ್ಥ ತಕ್ಷಣ ಆಗುತ್ತದೆ. ಒಂದು ದೊಡ್ಡ ಇಮೇಜಿನಲ್ಲಿ, ಅಂದರೆ ಕಂಟೇನರಿನ ಅಚ್ಚಿನಲ್ಲಿ, ಕಂಪೈಲ್ ಮಾಡುತ್ತೇವೆ. ಆಮೇಲೆ ಓಡಲು ಸಿದ್ಧವಾದ ಬೈನರಿ ಫೈಲನ್ನಷ್ಟೇ ತೆಗೆದು, ಏನೂ ಇಲ್ಲದ ಸಣ್ಣ ಇಮೇಜಿಗೆ ಹಾಕುತ್ತೇವೆ. ಅಲ್ಲಿ ಆ ಲೈಬ್ರರಿ ಇರುವುದಿಲ್ಲ. ಬಿಲ್ಡ್ ಹಸಿರು, ಟೆಸ್ಟುಗಳೆಲ್ಲ ಹಸಿರು, ಕಂಟೇನರ್ ಮಾತ್ರ ಏಳುವುದೇ ಇಲ್ಲ. ನಿಜವಾದ ಬಳಕೆಗೆ ಮುಂಚೆ ಓಡಿಸಿ ನೋಡುವ ನಮ್ಮ ಸ್ಟೇಜಿಂಗಿನಲ್ಲಿ ಹೀಗೇ ಆಯಿತು. ಸಣ್ಣ ಇಮೇಜಿಗೆ ಲೈಬ್ರರಿಯನ್ನು ಸೇರಿಸಿ ಮುಂದೆ ಹೋದೆವು. ಆದರೂ ಒಳಗೊಳಗೆ ಕಿರಿಕಿರಿ ಇತ್ತು. ನಾನು ಕೇಳದ ವಸ್ತುವಿಗೆ ನಾನ್ಯಾಕೆ ಜಾಗ ಕೊಡಬೇಕು?

ಡಿಸೆಂಬರಿನಲ್ಲಿ 5.1.1 ಬಂತು. ಅವರು ಮಾಡಿದ್ದು ಏನು ಗೊತ್ತಾ? ಮೂರು ತಿಂಗಳ ಹಿಂದೆ ತಾವೇ ಕೊಟ್ಟ ಸೌಕರ್ಯವನ್ನು ಭಾಷೆಯ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯಿಂದ ವಾಪಸ್ ತೆಗೆದರು. ಒತ್ತುವ ಕೆಲಸ ಕಂಪೈಲರಿನ ಒಳಗಿನ ಬಳಕೆಗಷ್ಟೇ ಉಳಿಯಿತು. ಮಾಮೂಲಿ ಪ್ರೋಗ್ರಾಮುಗಳು ಮತ್ತೆ ಹಗುರವಾದವು.

ಶಾಸ್ತ್ರದ ಪ್ರಕಾರ ಇದು ತಪ್ಪು. ಮೂರನೇ ಅಂಕಿಯ ಬಿಡುಗಡೆಯಲ್ಲಿ ಇರುವ ಫಂಕ್ಷನ್ನಾಗಲಿ, ಆಯ್ಕೆಯಾಗಲಿ ಕಾಣೆಯಾಗಬಾರದು. ಯಾರಾದರೂ ಆ ಮೂರು ತಿಂಗಳಲ್ಲಿ ಅದನ್ನು ನಂಬಿ ಕೋಡ್ ಬರೆದಿದ್ದರೆ ಅವರ ಕೋಡ್ ಕಂಪೈಲ್ ಆಗುವುದಿಲ್ಲ. ಹಾಗಿದ್ದೂ ಅವರು ಮಾಡಿದ್ದೇ ಸರಿ ಅನ್ನುತ್ತೇನೆ. ಇನ್ನೊಂದು ವರ್ಷ ಬಿಟ್ಟಿದ್ದರೆ ಬಳಸುವವರು ನೂರಾಗುತ್ತಿದ್ದರು, ಆಗ ತೆಗೆಯಲು ಆಗುತ್ತಲೇ ಇರಲಿಲ್ಲ. ನಿಯಮ ಮುರಿಯುವುದಾದರೆ ಬೇಗ ಮುರಿಯಬೇಕು.

ಈ ವಿವರಗಳೆಲ್ಲ ಎಲ್ಲಿ ಸಿಗುತ್ತವೆ ಅಂದರೆ, ಕಂಪೈಲರಿನ ಮೂಲ ಕೋಡಿನ ಜೊತೆಗೇ ಇರುವ 'ಚೇಂಜಸ್' ಅನ್ನೋ ಒಂದು ಫೈಲಿನಲ್ಲಿ. ಉದ್ದನೆಯ ಸಾದಾ ಪಠ್ಯ. ಹಳೇ ಕೋಡನ್ನು ಮುರಿಯಬಹುದಾದ ಬದಲಾವಣೆಗಳ ಮುಂದೆ ನಕ್ಷತ್ರದ ಗುರುತು ಇರುತ್ತದೆ. ಪ್ರತಿ ಸಾಲಿಗೂ ಒಂದು ನಂಬರ್, ಒಂದೆರಡು ವಾಕ್ಯದ ವಿವರಣೆ, ಕೊನೆಗೆ ಹೆಸರುಗಳು. ಸರಿ ಮಾಡಿದವರ ಹೆಸರು, ತಪ್ಪನ್ನು ವರದಿ ಮಾಡಿದವರ ಹೆಸರು, ಪರಿಶೀಲಿಸಿದವರ ಹೆಸರು. ಯಾವುದೋ ಮೂಲೆಯಲ್ಲಿ ಕೂತು ಹತ್ತು ಸಾಲಿನ ಉದಾಹರಣೆ ಕಳಿಸಿದವನ ಹೆಸರು ಕ್ಸೇವಿಯರ್ ಲೆರಾಯ್ ಹೆಸರಿನ ಪಕ್ಕದಲ್ಲೇ ಬರುತ್ತದೆ. ಲೆರಾಯ್ ಅಂದರೆ ಈ ಭಾಷೆಯ ಮೂಲ ಕರ್ತೃಗಳಲ್ಲಿ ಒಬ್ಬರು. ನಮ್ಮ ಆಫೀಸುಗಳಲ್ಲಿ ಬಗ್ ಹಿಡಿದ ಟೆಸ್ಟರ್ ಹೆಸರನ್ನು ಯಾರಾದರೂ ಬರೆದಿಡುತ್ತಾರಾ? ನಾನಂತೂ ನೋಡಿಲ್ಲ.

ಎಲ್ಲ ತಪ್ಪೂ ಮೂರನೇ ಅಂಕಿಯಲ್ಲಿ ಸರಿಯಾಗುವುದಿಲ್ಲ. 7241 ಅನ್ನೋ ನಂಬರಿನ ಒಂದು ದೂರು 2016ರಲ್ಲಿ ತೆರೆಯಿತು. ನನಗೆ ಬಹಳ ಇಷ್ಟವಾದ ತಪ್ಪು ಅದು. ಒಂದು ರೆಕಾರ್ಡ್, ಅಂದರೆ ಹಲವು ಫೀಲ್ಡುಗಳ ಗಂಟು ಇದೆ, ಅದರ ಒಂದು ಫೀಲ್ಡಿನ ಬೆಲೆ ಬದಲಾಗಬಹುದು ಅಂದುಕೊಳ್ಳಿ. ಡೇಟಾದ ಆಕಾರ ನೋಡಿ ಸಾಲು ಸಾಲಾಗಿ ದಾರಿ ಆರಿಸುವ ಪ್ಯಾಟರ್ನ್ ಮ್ಯಾಚಿಂಗಿನ ಮೊದಲ ಸಾಲು ಆ ಫೀಲ್ಡನ್ನು ನೋಡುತ್ತದೆ. ಸಾಲಿನ ಬಾಲಕ್ಕೆ 'ವೆನ್' ಅಂತ ಒಂದು ಷರತ್ತು. ಕಿಲಾಡಿ ಒಬ್ಬ ಆ ಷರತ್ತಿನ ಒಳಗೇ ಫೀಲ್ಡಿನ ಬೆಲೆ ಬದಲಿಸಿ, 'ಇಲ್ಲ' ಅಂತ ಉತ್ತರ ಕೊಡುತ್ತಾನೆ. ಕಂಪೈಲರ್ ಮುಂದಿನ ಸಾಲಿಗೆ ಹೋಗುತ್ತದೆ. ಫೀಲ್ಡನ್ನು ಈಗಾಗಲೇ ನೋಡಿದ್ದೇನಲ್ಲ ಅಂದುಕೊಂಡು ಮತ್ತೆ ಪರೀಕ್ಷೆ ಮಾಡುವುದಿಲ್ಲ. ಆದರೆ ಅಲ್ಲಿ ಈಗ ಇರುವುದೇ ಬೇರೆ. ಟೈಪ್ ಚೆಕ್ ಪೂರ್ತಿ ಪಾಸಾದ ಪ್ರೋಗ್ರಾಮ್ ಸೆಗ್‌ಫಾಲ್ಟ್ ಆಗಿ, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿ, ಬೀಳುತ್ತದೆ.

ಸರಿಯಾಗಿ ಟೈಪ್ ಆದ ಪ್ರೋಗ್ರಾಮ್ ಹೀಗೆ ಬೀಳುವುದಿಲ್ಲ ಅನ್ನುವುದೇ ಈ ಭಾಷೆಯ ಮುಖ್ಯ ಭರವಸೆ. ಹಾಗಾದರೆ ಇದನ್ನು ಮುಂದಿನ ರಿಪೇರಿ ಬಿಡುಗಡೆಯಲ್ಲೇ ಮುಗಿಸಬೇಕಿತ್ತು ತಾನೇ? ಮುಗಿಸಲಿಲ್ಲ. ಸರಿಪಡಿಸಬೇಕಾದರೆ ಪ್ಯಾಟರ್ನ್ ಮ್ಯಾಚಿಂಗ್ ಕಂಪೈಲ್ ಮಾಡುವ ಭಾಗವನ್ನೇ ಬಿಚ್ಚಬೇಕಿತ್ತು. ಅದು ಕಂಪೈಲರಿನ ಅತಿ ಜಟಿಲ ಭಾಗಗಳಲ್ಲಿ ಒಂದು. ಅಲ್ಲಿ ಅವಸರ ಮಾಡಿದರೆ ಯಾರೂ ಬರೆಯದ ಕಿಲಾಡಿ ಕೋಡ್ ಸರಿಹೋಗಿ, ಎಲ್ಲರೂ ಬರೆಯುವ ಕೋಡ್ ನಿಧಾನವಾಗಬಹುದು. ಕೊನೆಗೆ ಕಂಪೈಲರ್ ತಂಡದ ಗೇಬ್ರಿಯಲ್ ಶೆರರ್ ತುಂಡು ತುಂಡಾಗಿ, ಒಂದರ ಮೇಲೊಂದು ಬದಲಾವಣೆ ಕಳಿಸಿ, 5ರ ಸರಣಿಯಲ್ಲಿ ಅದನ್ನು ಮುಗಿಸಿದರು. ಅಷ್ಟು ವರ್ಷ ಆ ದೂರನ್ನು ಮುಚ್ಚದೆ ತೆರೆದಿಟ್ಟುಕೊಂಡೇ ಇದ್ದದ್ದು ನನಗೆ ಮೆಚ್ಚುಗೆ.

ಇನ್ನು ಹೇಳಲೇಬೇಕಾದದ್ದು ಸ್ಕೈಲೇಕ್ ಪ್ರಕರಣ. ಓಕ್ಯಾಮೆಲ್ ಮಂದಿಗೆ ಇದು ಹಳೇ ಕಥೆ. ಆದರೆ ಕನ್ನಡದಲ್ಲಿ ಯಾರೂ ಬರೆದಿದ್ದು ನಾನು ಕಂಡಿಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2016ರ ಏಪ್ರಿಲ್‌ನಲ್ಲಿ 4.03.0 ಬಿಡುಗಡೆಯಾಯಿತು. ಆದ ಕೂಡಲೇ ಲೆರಾಯ್ ಅವರಿಗೆ ಒಂದು ಕಂಪನಿಯಿಂದ ಖಾಸಗಿಯಾಗಿ ದೂರು ಬಂತು. ಹೊಸ ಆವೃತ್ತಿಗೆ ಹೋದ ಮೇಲೆ ನಮ್ಮ ಪ್ರೋಗ್ರಾಮ್ ಆಗೊಮ್ಮೆ ಈಗೊಮ್ಮೆ ಬೀಳುತ್ತಿದೆ ಅಂತ. ಒಂದೊಂದು ಸಲ ಒಂದೊಂದು ಜಾಗದಲ್ಲಿ. ಹಳೇ 4.02.3ರಲ್ಲಿ ಏನೂ ತೊಂದರೆ ಇಲ್ಲ. ಲೆರಾಯ್ ತಮ್ಮ ಯಂತ್ರಗಳಲ್ಲಿ ಓಡಿಸಿದರೆ ಬೀಳುವುದೇ ಇಲ್ಲ. ಅವರು ಹಾರ್ಡ್‌ವೇರ್ ಕೆಟ್ಟಿರಬಹುದು ಅಂದರು. ಹಳೇ ಆವೃತ್ತಿ ಅದೇ ಯಂತ್ರದಲ್ಲಿ ಸರಿಯಾಗಿ ಓಡುತ್ತಿರುವಾಗ ಯಾರು ತಾನೇ ಒಪ್ಪುತ್ತಾರೆ? ನಾನಾಗಿದ್ದರೂ ಒಪ್ಪುತ್ತಿರಲಿಲ್ಲ. ಆಮೇಲೆ ತಿಳಿದದ್ದು ಇಷ್ಟು: ಬೀಳುವುದು ಇಂಟೆಲ್‌ನ ಆಗಿನ ಹೊಸ ಸ್ಕೈಲೇಕ್ ಪ್ರೊಸೆಸರುಗಳಲ್ಲಿ ಮಾತ್ರ. ಒಂದೇ ಕೋರಿನಲ್ಲಿ ಎರಡು ಥ್ರೆಡ್, ಅಂದರೆ ಎರಡು ಕೆಲಸ, ಒಟ್ಟಿಗೆ ಓಡಿಸುವ ಹೈಪರ್‌ಥ್ರೆಡಿಂಗ್ ಆಫ್ ಮಾಡಿದರೆ ಅದೂ ನಿಂತುಹೋಗುತ್ತದೆ. ಅವರು ಆಫ್ ಮಾಡಿಕೊಂಡರು, ವಿಷಯ ತಣ್ಣಗಾಯಿತು.

2017ರ ಜನವರಿಯಲ್ಲಿ ಅಹ್ರೆಫ್ಸ್ ಕಂಪನಿಯ ಎಂಜಿನಿಯರುಗಳಿಂದ 7452ನೇ ನಂಬರಿನ ದೂರು ಬಂತು. ಈ ಸಲ ಬೀಳುತ್ತಿದ್ದದ್ದು ಓಕ್ಯಾಮೆಲ್ ಕಂಪೈಲರೇ. ಕಂಪೈಲರ್ ತಂಡದ ಮಾರ್ಕ್ ಶಿನ್‌ವೆಲ್ ಮತ್ತು ಇತರರು ಅದರ ಹಿಂದೆ ಬಿದ್ದರು. ಲೆರಾಯ್ ಆಗ ಹಳೇ ಕಥೆಯನ್ನು ಬಾಯಿಬಿಟ್ಟರು. ಹೈಪರ್‌ಥ್ರೆಡಿಂಗ್ ಆಫ್ ಮಾಡಿ ನೋಡಿದರೆ ಇಲ್ಲೂ ನಿಂತಿತು. ಇನ್ನೊಂದು ಸುಳಿವೂ ಸಿಕ್ಕಿತು. 4.03ರಿಂದ ರನ್‌ಟೈಮಿನ ಸಿ ಭಾಷೆಯ ಕೋಡನ್ನು ಜಿಸಿಸಿ ಅನ್ನೋ ಸಿ ಕಂಪೈಲರಿನ 'ಓ2' ಮಟ್ಟದಲ್ಲಿ, ಅಂದರೆ ಕೋಡನ್ನು ಹೆಚ್ಚು ಚುರುಕು ಮಾಡುವ ಮಟ್ಟದಲ್ಲಿ, ಕಂಪೈಲ್ ಮಾಡಲು ಶುರುಮಾಡಿದ್ದರು. ಅದಕ್ಕೆ ಮುಂಚೆ 'ಓ1' ಇತ್ತು. ಹಿಂದಕ್ಕೆ ಹೋದರೆ ಬೀಳುವುದಿಲ್ಲ.

ಇಲ್ಲಿ ಸ್ವಲ್ಪ ಒಳಗೆ ಇಳಿಯಬೇಕು. ಓಕ್ಯಾಮೆಲ್‌ನಲ್ಲಿ ಮೆಮೊರಿಯ ಪ್ರತಿ ತುಂಡಿಗೂ ಒಂದು ತಲೆಬರಹ ಇರುತ್ತದೆ. ಅದರ ಮೊದಲ ಎಂಟು ಬಿಟ್‌ಗಳಲ್ಲಿ ಟ್ಯಾಗ್. ಮುಂದಿನ ಎರಡು ಬಿಟ್‌ಗಳಲ್ಲಿ ಬಣ್ಣ. ಗಾರ್ಬೇಜ್ ಕಲೆಕ್ಟರ್ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಅಂತ ಗುರುತು ಹಾಕಿಕೊಳ್ಳುವ ಬಣ್ಣ ಅದು. ಉಳಿದದ್ದರಲ್ಲಿ ಗಾತ್ರ. ಈಗ ತಲೆಬರಹವನ್ನು ಪ್ರೊಸೆಸರಿನ ಒಂದು ರಿಜಿಸ್ಟರಿಗೆ, ಅಂದರೆ ಅದರ ಒಳಗಿನ ಪುಟ್ಟ ಖಾನೆಗೆ, ತಂದರೆ, ಬಣ್ಣದ ಬಿಟ್‌ಗಳು ಸರಿಯಾಗಿ ಅದರ ಎರಡನೇ ಬೈಟಿನಲ್ಲಿ ಕೂರುತ್ತವೆ. ಆ ಎರಡನೇ ಬೈಟಿಗೆ ಇಂಟೆಲ್ ಯಂತ್ರಗಳಲ್ಲಿ ಪ್ರತ್ಯೇಕ ಹೆಸರಿದೆ: 'ಎಎಚ್'. ಚುರುಕಾದ ಜಿಸಿಸಿ, ಬಣ್ಣ ಬದಲಿಸಲು ಇಡೀ ರಿಜಿಸ್ಟರ್ ಯಾಕೆ, ಎಎಚ್ ಒಂದೇ ಸಾಕು ಅಂತ ಚಿಕ್ಕ ಚೊಕ್ಕ ಲೂಪ್ ಬರೆದುಕೊಟ್ಟಿತು. ಅದರಲ್ಲಿ ಯಾವ ತಪ್ಪೂ ಇಲ್ಲ.

ತಪ್ಪಿದ್ದದ್ದು ಪ್ರೊಸೆಸರಿನಲ್ಲಿ. ಇಂಟೆಲ್‌ನ ದೋಷಪಟ್ಟಿಯಲ್ಲಿ ಎಸ್‌ಕೆಎಲ್150 ಅಂತ ಒಂದು ನಮೂದು ಇದೆ. 64ಕ್ಕಿಂತ ಕಡಿಮೆ ಇನ್‌ಸ್ಟ್ರಕ್ಷನ್ ಇರುವ ಲೂಪಿನಲ್ಲಿ ಎಎಚ್‌ನಂಥ ಬೈಟನ್ನೂ, ಅದೇ ರಿಜಿಸ್ಟರಿನ ಅಗಲವಾದ ರೂಪವನ್ನೂ ಒಟ್ಟಿಗೆ ಬಳಸಿದರೆ, ಅದೇ ಹೊತ್ತಿಗೆ ಆ ಕೋರಿನ ಎರಡೂ ಥ್ರೆಡ್ ಕೆಲಸದಲ್ಲಿದ್ದರೆ, ಏನು ಬೇಕಾದರೂ ಆಗಬಹುದು ಅನ್ನುವುದು ಅದರ ಸಾರಾಂಶ. 2017ರ ಜೂನ್ 25ರಂದು ಲಿನಕ್ಸ್ ಹಂಚುವ ಡೆಬಿಯನ್ ಯೋಜನೆ ಎಲ್ಲರಿಗೂ ಎಚ್ಚರಿಕೆ ಕೊಟ್ಟಿತು: ಪ್ರೊಸೆಸರಿನ ಒಳಗಿನ ಮೈಕ್ರೋಕೋಡ್ ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ಹೈಪರ್‌ಥ್ರೆಡಿಂಗ್ ಆಫ್ ಮಾಡಿ ಅಂತ. ಜಗತ್ತಿನ ಎಷ್ಟೋ ಸರ್ವರುಗಳ ಒಳಗೆ ಕೂತಿದ್ದ ದೋಷ, ಸಣ್ಣ ಭಾಷೆಯೊಂದರ ಬಗ್ ಪಟ್ಟಿಯಿಂದ ಹೊರಗೆ ಬಂತು.

ನನಗೆ ಮಜಾ ಅನಿಸುವುದು ಅದರ ನಂತರದ ಭಾಗ. ಕಂಪೈಲರಿನವರು "ನಮ್ಮ ತಪ್ಪಲ್ಲ" ಅಂತ ದೂರನ್ನು ಮುಚ್ಚಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಚೇಂಜಸ್ ಫೈಲಿನಲ್ಲಿ 7452ರ ಹೆಸರಲ್ಲಿ ಒಂದು ಸಾಲು ಸೇರಿತು. ಸ್ಕೈಲೇಕ್ ಮತ್ತು ಅದರ ಮುಂದಿನ ಪೀಳಿಗೆಯಾದ ಕೇಬಿಲೇಕ್ ದೋಷ ತಪ್ಪಿಸಲು ಪ್ರಯತ್ನಿಸುವುದಕ್ಕಾಗಿ ಜಿಸಿಸಿಯ ಆಯ್ಕೆಗಳನ್ನು ಸ್ವಲ್ಪ ತಿರುಚಿದ್ದೇವೆ ಅಂತ. ದೋಷ ತಪ್ಪಿಸಿದ್ದೇವೆ ಅಂತಿಲ್ಲ, ಪ್ರಯತ್ನ ಅಂತಿದೆ. ಇಷ್ಟು ಅಳೆದು ಬರೆಯುವವರ ಸಾಲುಗಳನ್ನು ನಾನು ನಂಬುತ್ತೇನೆ.

ಇದರಿಂದ ನಮ್ಮ ತಂಡಕ್ಕೆ ಏನು ಉಪಯೋಗ ಅಂದರೆ, ಕೆಲವು ಅಭ್ಯಾಸಗಳು. ಸೊನ್ನೆಯಲ್ಲಿ ಮುಗಿಯುವ ಆವೃತ್ತಿಯನ್ನು ಪ್ರೊಡಕ್ಷನ್‌ಗೆ ಹಾಕುವುದಿಲ್ಲ. ಬಂದ ದಿನವೇ ಸಿಐನಲ್ಲಿ, ಅಂದರೆ ತಾನಾಗಿ ಕಟ್ಟಿ ಪರೀಕ್ಷೆ ಮಾಡುವ ವ್ಯವಸ್ಥೆಯಲ್ಲಿ, ಓಡಿಸುತ್ತೇವೆ, ಅಷ್ಟೇ. ಓಕ್ಯಾಮೆಲ್ ಪ್ಯಾಕೇಜುಗಳನ್ನು ನೋಡಿಕೊಳ್ಳುವ ಓಪ್ಯಾಮ್‌ನಲ್ಲಿ ಹೊಸ ಸ್ವಿಚ್, ಅಂದರೆ ಆ ಕಂಪೈಲರಿಗೇ ಮೀಸಲಾದ ಪ್ರತ್ಯೇಕ ಜಾಗ ಮಾಡಿ, ಎಲ್ಲ ಪ್ಯಾಕೇಜನ್ನೂ ಮೊದಲಿನಿಂದ ಕಟ್ಟಿ ನೋಡುತ್ತೇವೆ. ಹಳೇ ಸ್ವಿಚ್ಚಿನ ಕಂಪೈಲ್ ಆದ ಫೈಲುಗಳು ಒಂದೆರಡು ಉಳಿದುಕೊಂಡರೂ ಇಂಟರ್‌ಫೇಸ್ ತಾಳೆಯಾಗುತ್ತಿಲ್ಲ ಅಂತ ಕಂಪೈಲರ್ ರಗಳೆ ತೆಗೆಯುತ್ತದೆ. ಅದಕ್ಕೆ ಹೆದರಿ ಎಷ್ಟೋ ಜನ ಅಪ್‌ಗ್ರೇಡನ್ನೇ ಮುಂದೂಡುತ್ತಾರೆ. ಡೈರೆಕ್ಟರಿ ಅಳಿಸಿ ಮತ್ತೆ ಕಟ್ಟಿದರೆ ಮುಗಿಯಿತು, ಅದರಲ್ಲೇನಿದೆ.

ಒಂದು ಸರ್ವಿಸ್ ಮಾತ್ರ ಇನ್ನೂ 4.14ರಲ್ಲೇ ಇದೆ. 2022ರ ಮಾರ್ಚಿನಲ್ಲಿ ಬಂದ ಸರಣಿ, 4ರ ಸಾಲಿನಲ್ಲಿ ಕೊನೆಯದು. ಎಲ್ಲರ ಕಣ್ಣು 5ರ ಮೇಲೆ ಇದ್ದಾಗಲೂ ಇದಕ್ಕೆ ರಿಪೇರಿ ನಿಲ್ಲಲಿಲ್ಲ. 4.14.2 ಬಂದದ್ದು 2024ರ ಮಾರ್ಚಿನಲ್ಲಿ, ಅಂದರೆ 5.0 ಬಂದು ವರ್ಷ ಕಳೆದ ಮೇಲೆ. ನಾವು ಅಲ್ಲೇ ಕೂತಿರುವುದಕ್ಕೆ ಕಾರಣ ಕಾಂಪ್ಯಾಕ್ಷನ್. ಮೆಮೊರಿಯಲ್ಲಿ ಅಲ್ಲಲ್ಲಿ ಖಾಲಿ ಬಿದ್ದ ಜಾಗಗಳನ್ನು ಒಟ್ಟುಮಾಡಿ, ಇರುವವರನ್ನು ಒಂದು ಕಡೆ ಸರಿಸುವ ಕೆಲಸ ಅದು. ಬಿಎಂಟಿಸಿ ಕಂಡಕ್ಟರ್ "ಒಳಗೆ ಹೋಗ್ರೀ, ಒಳಗೆ ಹೋಗ್ರೀ" ಅಂತ ತಳ್ಳುತ್ತಾರಲ್ಲ, ಹಾಗೆ. 4ರಲ್ಲಿ ಇದು ತಾನಾಗಿಯೇ ನಡೆಯುತ್ತಿತ್ತು. 5.0 ಮತ್ತು 5.1ರಲ್ಲಿ ಇರಲೇ ಇಲ್ಲ. 2024ರ ಮೇನಲ್ಲಿ ಬಂದ 5.2ರಲ್ಲಿ ವಾಪಸ್ ಬಂದಿದೆ, ಆದರೆ ನಾವಾಗಿ ಕರೆದರೆ ಮಾತ್ರ. ನಮ್ಮ ಈ ಸರ್ವಿಸ್ ಬೆಳಗ್ಗೆ ಒಂದಿಷ್ಟು ಹೊತ್ತು ಸಿಕ್ಕಾಪಟ್ಟೆ ಮೆಮೊರಿ ತಿಂದು, ಆಮೇಲೆ ಇಡೀ ದಿನ ಸುಮ್ನೆ ಇರುತ್ತದೆ. ತಿಂದದ್ದನ್ನು ವಾಪಸ್ ಕೊಡದಿದ್ದರೆ ಪಕ್ಕದ ಕಂಟೇನರುಗಳಿಗೆ ಜಾಗ ಸಾಲುವುದಿಲ್ಲ.

5.2.1ರಲ್ಲಿ ಬೆಳಗಿನ ಗಲಾಟೆ ಮುಗಿದ ಮೇಲೆ ನಾವೇ ಒಮ್ಮೆ ಕಾಂಪ್ಯಾಕ್ಷನ್ ಕರೆದರೆ ಸಾಕಾಗಬಹುದು ಅಂತ ನನ್ನ ಲೆಕ್ಕ. ಸ್ಟೇಜಿಂಗಿನಲ್ಲಿ ಹಾಕಿದ್ದೇನೆ. ಗ್ರಾಫ್ ನೋಡುವ ಕೆಲಸವನ್ನು ಆ ಹುಡುಗಿಗೇ ವಹಿಸಿದ್ದೇನೆ. ಚೇಂಜಸ್ ಫೈಲ್ ಓದುವುದನ್ನೂ ಶುರುಮಾಡಿದ್ದಾಳಂತೆ. 5.2ರ ರನ್‌ಟೈಮ್ ಭಾಗದಲ್ಲಿ ನಕ್ಷತ್ರ ಇರುವ ಸಾಲುಗಳನ್ನು ಮೊದಲು ನೋಡು ಅಂದಿದ್ದೇನೆ.