ಎರಡು ಕೈಗವಸಿಗೆ ಹಿಡಿಶಾಪ

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬಾತ್ ಊರಿಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಜನವರಿಯ ಚಳಿ. ಅಲ್ಲಿನ ‘ರೋಮನ್ ಬಾತ್ಸ್’ ಎಂಬ ಹಳೆಯ ಸ್ನಾನಗೃಹ ನೋಡಲು ಟಿಕೆಟ್ ಮೊದಲೇ ಬುಕ್ ಮಾಡದೆ ಹೋಗಿ ಅಮ್ಮನನ್ನು ಮುಕ್ಕಾಲು ಗಂಟೆ ಮಳೆಯಲ್ಲಿ ನಿಲ್ಲಿಸಿದೆ. ಈಗಲೂ ಬೇಜಾರಾಗುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಮನೆಯಿಂದಲೇ ಬುಕ್ ಮಾಡಿ.

ಒಳಗೆ ರೋಮನ್ನರ ದೊಡ್ಡ ಕೊಳ. ಹಸಿರು ನೀರು, ಮೇಲೆ ತೆಳ್ಳಗೆ ಹಬೆ. ಆಗ ಇದಕ್ಕೆ ಚಾವಣಿ ಇತ್ತಂತೆ. ಈಗ ಬಿಸಿಲು ಬಿದ್ದು ಪಾಚಿ ಕಟ್ಟಿ ಹಸಿರಾಗಿದೆ. ತಳಕ್ಕೆ ಅವರು ಹಾಸಿದ ಸೀಸದ ಹಾಳೆಗಳು ಇನ್ನೂ ಹಾಗೇ ಇವೆ. ಮೇಲಂತಸ್ತಿನ ಪ್ರತಿಮೆಗಳು ಮಾತ್ರ 19ನೇ ಶತಮಾನದವು. ಜನ ಅವುಗಳ ಮುಂದೆಯೇ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಅವು ಹಿಡಿಸಲಿಲ್ಲ.

ನಮ್ಮ ಕಾಲು ಕಟ್ಟಿಹಾಕಿದ್ದು ಗಾಜಿನ ಹಿಂದಿನ ಪುಟ್ಟ ತಗಡುಗಳು. ಯಾರಾದರೂ ಕದ್ದರೆ ಜನ ಸೀಸದ ತಗಡಿನ ಮೇಲೆ ಶಾಪ ಗೀಚಿ, ಸುರುಳಿ ಸುತ್ತಿ, 46 ಡಿಗ್ರಿ ಬಿಸಿಯ ಬುಗ್ಗೆಗೆ ಎಸೆಯುತ್ತಿದ್ದರು. ಸುಲಿಸ್ ಮಿನರ್ವ ದೇವಿಗೆ ದೂರು! ಸುಲಿಸ್ ಅಲ್ಲಿನವರ ದೇವಿ, ಮಿನರ್ವ ರೋಮನ್ನರ ದೇವಿ. ಇಬ್ಬರನ್ನೂ ಒಂದು ಮಾಡಿದ್ದರು. ಪುರಾತತ್ವಜ್ಞ ಬ್ಯಾರಿ ಕನ್ಲಿಫ್ ಅವರ ತಂಡ 1979-80ರಲ್ಲಿ ಬುಗ್ಗೆಯನ್ನು ಅಗೆದಾಗ ಸಾವಿರಾರು ನಾಣ್ಯಗಳ ಜೊತೆ ಇವೂ ಸಿಕ್ಕವು. ಒಟ್ಟು ಸುಮಾರು 130.

ನಾನು ಒಂದನ್ನು ಅಮ್ಮನಿಗೆ ಓದಿ ಹೇಳಿದೆ. ಡೋಸಿಮೆಡಿಸ್ ಎಂಬುವನ ಎರಡು ಕೈಗವಸು ಕಳುವಾಗಿವೆ. ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಅಂತ ಕೇಳಿದ್ದಾನೆ.

‘ಬರೀ ಕೈಗವಸಿಗೆ ಕಣ್ಣು ಹೋಗಬೇಕಾ ಅಮ್ಮ?’ ಅಂದೆ.

ಅಮ್ಮ ತನ್ನ ಒದ್ದೆ ಕೈಗವಸು ಬಿಚ್ಚಿ ಬೆರಳು ಉಜ್ಜಿಕೊಳ್ಳುತ್ತಿದ್ದಳು. ‘ಈ ಚಳೀಲಿ ಬರೀ ಕೈಯಲ್ಲಿ ಕೆಲಸ ಮಾಡಿ ನೋಡು. ಅವನ ಹತ್ರ ಇನ್ನೊಂದು ಜೊತೆ ಇತ್ತೋ ಇಲ್ವೋ!’

ನಾನು ಸುಮ್ಮನಾದೆ.

‘ಕಳ್ಳ ಯಾರಂತ ಗೊತ್ತಿತ್ತಾ?’

ಅದರಲ್ಲಿ ಹೆಸರಿಲ್ಲ. ಬೇರೆ ತಗಡುಗಳಲ್ಲಿ ‘ಗಂಡಸೋ ಹೆಂಗಸೋ, ಗುಲಾಮನೋ ಅಲ್ಲವೋ’ ಅಂತ ಯಾರನ್ನೂ ಬಿಡದೆ ಬರೆದಿದ್ದಾರೆ. ಒಂದರಲ್ಲಿ ಅನುಮಾನ ಇದ್ದವರ ಹೆಸರಿನ ಪಟ್ಟಿಯೇ ಇದೆ.

‘ನಮ್ಮಲ್ಲಿ ಮಣ್ಣು ತೂರ್ತಾರಲ್ವಾ, ಅದೇ ಹೊಟ್ಟೆ ಉರಿ’ ಅಂದಳು ಅಮ್ಮ.

ಮಿನರ್ವಳ ಚಿನ್ನದ ಲೇಪದ ಕಂಚಿನ ತಲೆ ನೋಡಿದೆವು. 1727ರಲ್ಲಿ ಚರಂಡಿ ತೋಡುವಾಗ ಸಿಕ್ಕಿದ್ದಂತೆ. ತುಂಬಾ ಚೆನ್ನಾಗಿದೆ. ಅಮ್ಮ ಮಾತ್ರ ಎರಡು ನಿಮಿಷ ನೋಡಿ, ‘ಆ ಕೈಗವಸಿನವನದು ಇನ್ನೊಂದ್ಸಲ ಓದು ಬಾ’ ಅಂತ ನನ್ನನ್ನು ಹಿಂದಕ್ಕೆ ಕರೆದುಕೊಂಡು ಹೋದಳು.